ಐದನೆಯ ನಿಂಬೆಹಣ್ಣು

ಇವತ್ತು ಬೆಳಿಗ್ಗೆ ಮನೆ ಬಿಡುವ ಮುಂಚೆ ನನ್ನ ಹೆಂಡತಿ ನನ್ನ ಕೋಟಿನ ಜೇಬು ತಪಾಸಣೆ ಮಾಡಿದಳು. ಕೆಲವರ ಮನೆಯಲ್ಲಿ ಹೆಂಡತಿಯರು ಗಂಡನ ಜೇಬಿನಲ್ಲಿ ಸಿಗರೇಟು, ಚೀಟಿ ಹುಡುಕುತ್ತಾರಂತೆ. ಗಿರಿಜಾ ಹುಡುಕಿದ್ದು ನಿಂಬೆಹಣ್ಣನ್ನು. ಅಡುಗೆಮನೆಯ ಕಟ್ಟೆಯ ಮೇಲೆ ನಾಲ್ಕು ಹಣ್ಣು ಸಾಲಾಗಿ ಕೂತಿದ್ದವು. ರಾತ್ರಿ ಬುಟ್ಟಿಯಲ್ಲಿ ಐದಿದ್ದದ್ದು ಅವಳಿಗೆ ನೆನಪಿತ್ತು.

"ಕಾರಿಗೆ ಗಾಲಿ ಎಷ್ಟದಾವ್ರೀ?" ಎಂದಳು. ಅವಳು ಧಾರವಾಡದವಳು. ಇಪ್ಪತ್ತೆರಡು ವರ್ಷ ಇಂಗ್ಲೆಂಡಿನಲ್ಲಿ ಡಾಕ್ಟರಿಕೆ ಮಾಡಿದರೂ ವಿಚಾರಣೆಗೆ ನಿಂತಾಗ ಧಾರವಾಡವೇ ಬರುತ್ತದೆ.

"ನಾಲ್ಕು."

"ಮತ್ತ ಹಣ್ಣು ಎಷ್ಟ ಬೇಕು?"

"ನಾಲ್ಕು."

"ಹಂಗಾದ್ರ ಆ ಜೇಬಿನ್ಯಾಗಿಂದು ಸುಮ್ನ ಹೊರಗ ತಗೀರಿ."

ತೆಗೆದುಕೊಟ್ಟೆ. ಕಚೇರಿಯಲ್ಲಿ ಹದಿನಾಲ್ಕು ಜನ ನನ್ನ ಮಾತು ಕೇಳುತ್ತಾರೆ, ಕೊನೆಯಪಕ್ಷ ಕೇಳಿದ ಹಾಗೆ ಮಾಡುತ್ತಾರೆ. ಮನೆಯಲ್ಲಿ ನನ್ನ ಸ್ಥಿತಿ ಇದು. ಬೆರಳಿಗೆ ಅಂಟಿದ ನಿಂಬೆಯ ವಾಸನೆ ಕಾರು ಮೋಟರ್‌ವೇ ಸೇರಿದ ಮೇಲೂ ಹೋಗಿರಲಿಲ್ಲ. ಆ ವಾಸನೆ ಬಂದಾಗಲೆಲ್ಲ ನನಗೆ ಒಂದು ಬಾಗಿಲು ನೆನಪಾಗುತ್ತದೆ, ಅದರ ಪಕ್ಕದಲ್ಲಿ ಕೂತ ಹದಿಮೂರು ವರ್ಷದ ಹುಡುಗಿ ನೆನಪಾಗುತ್ತಾಳೆ, ಆಮೇಲೆ ಸ್ವಲ್ಪ ನಾಚಿಕೆಯಾಗುತ್ತದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಸಾಕಷ್ಟು ನಾಚಿಕೆಯೇ ಆಗುತ್ತದೆ.

ನಿಂಬೆಹಣ್ಣು ಕಾರಿನ ಆಯುಧಪೂಜೆಗೆ ಎಂದು ನಿಮಗೆ ಬೇರೆ ಹೇಳಬೇಕಿಲ್ಲ. ಹಬ್ಬ ಮುಗಿದು ಮೂರು ದಿನವಾಯಿತು. ಆದರೆ ಇಲ್ಲಿ ಶೆಫೀಲ್ಡಿನಲ್ಲಿ ನಮ್ಮ ಹಬ್ಬಗಳೆಲ್ಲ ಭಾನುವಾರಕ್ಕೆ ಸರಿದು ಕೂರುತ್ತವೆ, ಅದೂ ಗಿರಿಜಾಳ ಆಸ್ಪತ್ರೆಯ ರೋಟಾ, ಅಂದರೆ ಪಾಳಿಯ ಪಟ್ಟಿ, ಒಪ್ಪಿದರೆ. ಒಪ್ಪಿದ ಭಾನುವಾರ ಕಾರು ತೊಳೆದು, ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲ್‌ನ ಬಾಲಾಜಿ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸಿಕೊಂಡು ಬರುವುದು ನಮ್ಮ ಪದ್ಧತಿ.

ನಾನು ಮೈಸೂರಿನವನು. ನಮ್ಮಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಆಯುಧಪೂಜೆಯ ದಿನ ಅಂಗಡಿಯ ಸ್ಕ್ರೂಡ್ರೈವರು, ಇಕ್ಕಳ, ಎಣ್ಣೆ ಡಬ್ಬಿ ಎಲ್ಲ ಮಿಂದು, ಕುಂಕುಮ ಇಡಿಸಿಕೊಂಡು, ಕೆಂಪು ಬಟ್ಟೆಯ ಮೇಲೆ ಮದುವೆಗೆ ಬಂದ ಬೀಗರ ಹಾಗೆ ಕೂರುತ್ತಿದ್ದವು. "ವರ್ಷವೆಲ್ಲ ನಮಗೆ ಅನ್ನ ಹಾಕೋದು ಇವು ಕಣೋ. ಒಂದು ದಿನ ನಾವು ಇವಕ್ಕೆ ಕೈ ಮುಗಿದ್ರೆ ಏನು ಕಳ್ಕೋತೀವಿ?" ಎನ್ನುತ್ತಿದ್ದರು. ಆ ಮಾತು ನನ್ನ ತಲೆಯಲ್ಲಿ ಸ್ವಲ್ಪ ಜಾಸ್ತಿಯೇ ಕೂತುಬಿಟ್ಟಿದೆ. ಇಲ್ಲಿಗೆ ಬಂದ ಮೇಲೆ ಲ್ಯಾಪ್‌ಟಾಪಿಗೆ ಕುಂಕುಮ, ಬಾಯ್ಲರಿಗೆ ಕುಂಕುಮ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಕುಂಕುಮ. ಒಂದು ವರ್ಷ ಗಿರಿಜಾಳ ಸ್ಟೆತಾಸ್ಕೋಪಿಗೂ ಇಟ್ಟುಬಿಟ್ಟೆ. ಅವಳು ನೋಡದೆ ಆಸ್ಪತ್ರೆಗೆ ಒಯ್ದಳು. ಅದನ್ನು ರಕ್ತವೆಂದುಕೊಂಡು ಹೌಹಾರಿದ ಅಜ್ಜಿಯೊಬ್ಬರನ್ನು ಸಮಾಧಾನ ಮಾಡುವಷ್ಟರಲ್ಲಿ ಅವಳಿಗೆ ಸಾಕುಸಾಕಾಯಿತಂತೆ. "ನಿಮ್ಮ ಮೈಸೂರು ಭಕ್ತಿ ನಿಮ್ಮ ಲ್ಯಾಪ್‌ಟಾಪಿಗಿರ್ಲಿ. ನನ್ನ ಕೆಲಸದ ಸಾಮಾನಿಗೆ ಕೈ ಹಚ್ಚಬ್ಯಾಡ್ರಿ" ಎಂದು ಅವತ್ತೇ ತಾಕೀತು ಮಾಡಿದ್ದಳು. ಆ ತಾಕೀತನ್ನು ನಾನು ಅವಳೊಬ್ಬಳ ಸಾಮಾನಿಗೆ ಮಾತ್ರ ಎಂದುಕೊಂಡೆ. ಅಲ್ಲೇ ಆದದ್ದು ಎಡವಟ್ಟು.

ಏಳು ವರ್ಷದ ಹಿಂದೆ ನಮ್ಮ ಮಗಳು ನಿಧಿ ಐಸ್ ಹಾಕಿ ತಂಡಕ್ಕೆ ಸೇರಿದಳು. ಕನ್ನಡದ ಮಕ್ಕಳು ಇಲ್ಲಿ ಈಜು ಕಲಿಯುತ್ತಾರೆ, ಭರತನಾಟ್ಯ ಕಲಿಯುತ್ತಾರೆ, ಗಣಿತಕ್ಕೆ ಟ್ಯೂಷನ್ನಿಗೆ ಹೋಗುತ್ತಾರೆ. ಹಿಮದ ಮೇಲೆ ದೊಣ್ಣೆ ಹಿಡಿದು ಓಡುವ ಆಟಕ್ಕೆ ಸೇರಿದ್ದು ನನಗೆ ತಿಳಿದಮಟ್ಟಿಗೆ ನಮ್ಮವಳೊಬ್ಬಳೇ. ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆಂದು ರಿಂಕಿಗೆ, ಅಂದರೆ ಹಿಮದ ಆಟದಂಗಳಕ್ಕೆ, ಹೋದವಳು ಬಿದ್ದಳು, ಎದ್ದಳು, ಮತ್ತೆ ಬಿದ್ದಳು, ಮನೆಗೆ ಬಂದು "ಐ ಲೈಕ್ಡ್ ಇಟ್" ಎಂದಳು. ಅವಳು ಕನ್ನಡ ಪೂರ್ತಿ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಅವಳ ಮಾತುಗಳನ್ನೂ ಇಲ್ಲಿನವರ ಮಾತುಗಳನ್ನೂ ಮುಂದೆ ನಾನೇ ಕನ್ನಡಕ್ಕೆ ತಂದು ಹೇಳುತ್ತೇನೆ, ಸ್ವಲ್ಪ ಆಚೀಚೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗೋಲ್‌ಕೀಪರ್ ಆಗುತ್ತೇನೆಂದು ಆರಿಸಿಕೊಂಡದ್ದೂ ಅವಳೇ. "ಎಲ್ಲರೂ ಪಕ್‌ನ ಹಿಂದೆ ಓಡ್ತಾರಪ್ಪ. ನಾನು ನಿಂತ ಕಡೆ ಅದೇ ಬರುತ್ತಲ್ಲ" ಎಂದು ಕಾರಣ ಕೊಟ್ಟಳು. ಪಕ್ ಎಂದರೆ ಗಟ್ಟಿ ರಬ್ಬರಿನ ಕಪ್ಪು ಬಿಲ್ಲೆ, ಈ ಆಟದ ಚೆಂಡು. ಅದು ಬರುವ ವೇಗ ನೋಡಿದ ದಿನ ನಾನು ಕಣ್ಣು ಮುಚ್ಚಿಕೊಂಡೆ. ಅವಳು ಮುಚ್ಚಲಿಲ್ಲ.

ಹದಿನಾಲ್ಕರ ಒಳಗಿನವರ ತಂಡ ಅದು, ಹುಡುಗರು ಹುಡುಗಿಯರು ಒಟ್ಟಿಗೆ ಆಡುವಂಥದ್ದು. ಗೋಲ್‌ಕೀಪರುಗಳು ಇಬ್ಬರು. ಮೊದಲನೆಯವನು ಕ್ಯಾಲಮ್ ಎಂಬ ಉದ್ದನೆಯ ಹುಡುಗ, ಆರು ವರ್ಷದಿಂದ ಆಡುತ್ತಿದ್ದವನು. ಎರಡನೆಯವಳು ನಿಧಿ. ಎರಡನೆಯ ಗೋಲ್‌ಕೀಪರ್ ಪ್ರತಿ ಪಂದ್ಯಕ್ಕೂ ಪೂರ್ತಿ ತಯಾರಾಗಬೇಕು. ತನ್ನ ಅರ್ಧ ತೂಕದ ಕವಚಗಳನ್ನೆಲ್ಲ ಕಟ್ಟಿಕೊಂಡು ಬೆಂಚಿನ ತುದಿಯಲ್ಲಿ ಕೂರಬೇಕು. ಅಲ್ಲಿಂದ ಹಿಮಕ್ಕೆ ಇಳಿಯಲು ಒಂದು ಸಣ್ಣ ಬಾಗಿಲಿರುತ್ತದೆ. ಈ ಆಟದಲ್ಲಿ ನಿಮಿಷಕ್ಕೊಮ್ಮೆ ದಣಿದವರು ಒಳಗೆ ಬರುತ್ತಾರೆ, ಕೂತವರು ಹೊರಗೆ ಹೋಗುತ್ತಾರೆ. ಆ ಬಾಗಿಲು ತೆಗೆದು ಹಾಕುವ ಕೆಲಸ ಎರಡನೆಯ ಗೋಲ್‌ಕೀಪರಿನದು.

ಮೊದಲ ಪಂದ್ಯ ನೋಡಿ ಬಂದ ದಿನ ನಾನು ಕುದಿದುಹೋದೆ. "ಟಿವಿಡೇಲ್‌ನಲ್ಲಿ ಜಯವಿಜಯರು ನಿಂತಿದ್ದಾರಲ್ಲ, ಹಾಗೆ ಕೂರಿಸಿದ್ದಾರೆ ನನ್ನ ಮಗಳನ್ನ!" ಎಂದೆ. ಗಿರಿಜಾ ತಲೆ ಎತ್ತದೆ, "ಜಯವಿಜಯರಿಗೆ ದಿನಾ ದೇವರ ದರ್ಶನ ಆಗ್ತದ ಬಿಡ್ರಿ" ಎಂದಳು.

ಕೋಚ್ ಗ್ಯಾರಿ ಹಗಲು ಹೊತ್ತು ಟ್ರಾಮ್ ಓಡಿಸುವವರು. ಕೋಚ್ ಕೆಲಸಕ್ಕೆ ಒಂದು ಪೈಸೆ ಸಂಬಳವಿಲ್ಲ. ಬೆಳಗಿನ ಆರಕ್ಕೆ ಅಭ್ಯಾಸವೆಂದರೆ ಐದೂ ಮುಕ್ಕಾಲಿಗೆ ಬಾಗಿಲಲ್ಲಿ ನಿಂತಿರುತ್ತಿದ್ದರು. ಒಬ್ಬೊಬ್ಬ ಮಗುವಿನ ಸ್ಕೇಟಿನ, ಅಂದರೆ ಹಿಮದ ಬೂಟಿನ, ಅಡಿಯ ಬ್ಲೇಡಿನ ಮೇಲೂ ಹೆಬ್ಬೆರಳ ಉಗುರನ್ನು ಅಡ್ಡ ಎಳೆದು ನೋಡಿ ಒಳಗೆ ಬಿಡುತ್ತಿದ್ದರು. "ನಿನ್ನ ಅಂಚು ನೀನು ನೋಡಿಕೊಳ್ಳದಿದ್ದರೆ ನಾನು ನಿನ್ನನ್ನು ಆಡಿಸುವುದಿಲ್ಲ." ಇದು ಅವರ ನಿಯಮ, ಯಾರ ಮಗುವಾದರೂ ಸರಿ. ಹಿಮದ ಮೇಲೆ ಆಟಗಾರನನ್ನು ಹಿಡಿದು ನಿಲ್ಲಿಸುವುದು ಬ್ಲೇಡಿನ ಆ ಚೂಪು ಅಂಚುಗಳೇ. ಅವುಗಳಿಗೆ ಪೆಟ್ಟಾದರೆ ಕಾಲು ನಿಲ್ಲುವುದಿಲ್ಲ. ಅದಕ್ಕೇ ಹಿಮದಿಂದ ಆಚೆ ಬಂದ ಕೂಡಲೇ ಬ್ಲೇಡಿಗೆ ಪ್ಲಾಸ್ಟಿಕ್ ಕವಚ ಹಾಕಬೇಕು. ಇಲ್ಲವಾದರೆ ರಬ್ಬರ್ ಹಾಸಿದ ನೆಲದ ಮೇಲಷ್ಟೇ ನಡೆಯಬೇಕು. ಇದನ್ನು ಅಲ್ಲಿನ ಐದು ವರ್ಷದ ಮಕ್ಕಳೂ ಬಲ್ಲರು. ಎಂಜಿನಿಯರಿಂಗ್ ಓದಿದ ನನಗೂ ಗೊತ್ತಿತ್ತು, ನೆನಪಿಡಿ.

ಅಕ್ಟೋಬರಿನಲ್ಲಿ ಗ್ಯಾರಿ ನಿಧಿಗೆ ಒಂದು ಪಂದ್ಯ ಕೊಡುತ್ತೇನೆಂದು ಮಾತು ಕೊಟ್ಟರು. ಬರ್ಮಿಂಗ್‌ಹ್ಯಾಮ್ ಹತ್ತಿರದ ಒಂದು ರಿಂಕಿನಲ್ಲಿ, ಭಾನುವಾರ ಮಧ್ಯಾಹ್ನ. ಇಡೀ ಸೀಸನ್ನಿನಲ್ಲಿ ತನಗೆ ಒಂದೇ ಒಂದು ಸಲವಾದರೂ ಗೋಲಿನ ಮುಂದೆ ನಿಲ್ಲಲು ಸಿಗಬೇಕು ಎನ್ನುವುದು ಅವಳ ಆಸೆಯಾಗಿತ್ತು. ಎರಡು ವಾರ ಊಟದ ಮೇಜಿನ ಪಕ್ಕದಲ್ಲೂ ಮೊಣಕಾಲು ಮಡಿಸಿ ಅಭ್ಯಾಸ ಮಾಡಿದಳು. ಆ ವರ್ಷ ಆಯುಧಪೂಜೆಯೂ ಸರಿಯಾಗಿ ಅದೇ ಭಾನುವಾರ ಬಿತ್ತು. ದೈವಸಂಕಲ್ಪ ಅಂದರೆ ಇದೇ ಎಂದು ನಾನು ಉಬ್ಬಿಹೋದೆ. ಗಿರಿಜಾಳಿಗೆ ಅವತ್ತು ಡ್ಯೂಟಿ. ಅಂದರೆ ನನ್ನನ್ನು ತಡೆಯುವವರು ಯಾರೂ ಜೊತೆಗಿರಲಿಲ್ಲ.

ಬೆಳಿಗ್ಗೆ ದೇವಸ್ಥಾನದಲ್ಲಿ ಕಾರಿನ ಪೂಜೆ ಮುಗಿಯಿತು, ನಾಲ್ಕು ಗಾಲಿಗೆ ನಾಲ್ಕು ಹಣ್ಣು ಅಪ್ಪಚ್ಚಿಯಾದವು. ಐದನೆಯದು ನನ್ನ ಜೇಬಿನಲ್ಲಿತ್ತು. ರಿಂಕಿನ ಕಾರ್ ಪಾರ್ಕಿನಲ್ಲಿ ಡಿಕ್ಕಿ ತೆಗೆದು, ನಿಧಿಯನ್ನು ಅದರ ಅಂಚಿಗೆ ಕೂರಿಸಿ, ಸ್ಕೇಟು ಹಾಕಿಕೋ ಎಂದೆ. ಎರಡೂ ಸ್ಕೇಟಿಗೆ ಅರಿಶಿನ ಕುಂಕುಮ ಇಟ್ಟೆ. ಅಲ್ಲಿಗೇ ನಿಲ್ಲಿಸಬಹುದಿತ್ತು.

"ಅಪ್ಪಾ, ಬ್ಲೇಡಿಗೆ ಕವಚ ಹಾಕಿಕೊಂಡೇ ತುಳೀತೀನಿ" ಎಂದಳು.

"ಏ, ಪ್ಲಾಸ್ಟಿಕ್ಕಿಗೆ ಪೂಜೆ ಮಾಡ್ತಾರಾ ಯಾರಾದ್ರೂ? ಕಬ್ಬಿಣ ತಾಗಬೇಕು ಪುಟ್ಟಿ. ಒಂದೇ ಒಂದು ಸಲ."

ನನ್ನ ಮುಖ ನೋಡಿದಳು. ನಾನು ಎಷ್ಟು ಖುಷಿಯಲ್ಲಿದ್ದೆನೆಂದು ಅವಳಿಗೆ ಕಂಡಿರಬೇಕು. ಕವಚ ತೆಗೆದು, ನನ್ನ ಭುಜ ಹಿಡಿದು, ನಿಂಬೆಹಣ್ಣಿನ ಮೇಲೆ ಕಾಲಿಟ್ಟಳು. ಕಾರಿನ ಗಾಲಿ ಅಗಲವಾಗಿರುತ್ತದೆ, ಬ್ಲೇಡು ಹಾಗಲ್ಲವಲ್ಲ. ಹಣ್ಣು ಅರ್ಧ ಸೀಳಿ ಪಿಚಕ್ಕನೆ ಜಾರಿತು, ಕಾಲು ಪಕ್ಕಕ್ಕೆ ಹೋಯಿತು, ಬ್ಲೇಡು ಪಾರ್ಕಿಂಗಿನ ಅಂಚುಗಲ್ಲಿಗೆ ಕಟಾರ್ ಎಂದು ಬಡಿಯಿತು. "ಏನೂ ಆಗಿಲ್ಲ, ಏನೂ ಆಗಿಲ್ಲ" ಎಂದು ನಾನೇ ಹೇಳಿದೆ, ನೋಡದೆಯೇ. ಪೂಜೆ ಅರ್ಧಕ್ಕೆ ನಿಲ್ಲಬಾರದೆಂದು ಉಳಿದ ಹಣ್ಣನ್ನು ನನ್ನ ಬೂಟಿನಿಂದ ತುಳಿದು ಮುಗಿಸಿದೆ.

ಬೇರೆ ಊರಿನ ರಿಂಕಾದ್ದರಿಂದ ಅವತ್ತು ಬಾಗಿಲಲ್ಲಿ ಗ್ಯಾರಿಯ ತಪಾಸಣೆ ಇರಲಿಲ್ಲ. ಪಂದ್ಯಕ್ಕೆ ಮುಂಚಿನ ಅಭ್ಯಾಸದಲ್ಲಿ ಅವಳು ಎಡಕ್ಕೆ ಒತ್ತಿ ಸರಿಯಲು ಹೋದಳು, ಕಾಲು ಜಾರಿ ಕೂತಳು. ಎದ್ದಳು, ಮತ್ತೆ ಅದೇ ಕಡೆ ಜಾರಿದಳು. ಗ್ಯಾರಿ ಕರೆದು ಬ್ಲೇಡಿನ ಮೇಲೆ ಉಗುರು ಎಳೆದರು. ಏನೋ ಕೇಳಿದರು. ಗಾಜಿನ ಆಚೆ ಕೂತ ನನಗೆ ಅವಳ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಆಮೇಲೆ ಕ್ಯಾಲಮ್ ಗೋಲಿನ ಮುಂದೆ ನಿಂತ, ನಿಧಿ ಬಾಗಿಲ ಪಕ್ಕ ಕೂತಳು.

ವಾಪಸು ಬರುವಾಗ ಕಾರಿನಲ್ಲಿ, "ಯಾಕೆ ಪುಟ್ಟಿ, ಏನಂದ್ರು?" ಎಂದೆ.

"ಕೋಚ್ ಮನಸ್ಸು ಬದಲಾಯಿಸಿದರು, ಅಷ್ಟೇ" ಎಂದು ಕಿಟಕಿ ಕಡೆ ತಿರುಗಿದಳು.

ನೀವು ಕೇಳಬಹುದು, ಅಂಚುಗಲ್ಲಿಗೆ ಬಡಿದ ಸದ್ದು ಕೇಳಿಸಿತು, ಮಗಳು ಜಾರಿದ್ದು ಕಣ್ಣಿಗೆ ಬಿತ್ತು, ಎರಡನ್ನೂ ಕೂಡಿಸಲು ಬರಲಿಲ್ಲವೇ ನಿನಗೆ ಎಂದು. ಕೂಡಿಸುವ ಮನಸ್ಸಿರಲಿಲ್ಲ ಎನ್ನುವುದೇ ನಿಜ. ಗ್ಯಾರಿ ಮಾತು ತಪ್ಪಿದ ಎಂದುಕೊಳ್ಳುವುದು ಎಷ್ಟು ಸುಲಭವಾಗಿತ್ತು! ಆಮೇಲಿನ ನಾಲ್ಕು ತಿಂಗಳು ಮನೆಯಲ್ಲಿ ನಾನು ಅವರನ್ನು ಏಕವಚನದಲ್ಲೇ ಕರೆದೆ.

ಆ ನಾಲ್ಕು ತಿಂಗಳು ವಾರ ವಾರವೂ ಒಂದೊಂದು ಊರು, ಲೀಡ್ಸ್ ಕಡೆ, ಮ್ಯಾಂಚೆಸ್ಟರ್ ಕಡೆ. ಫ್ಲಾಸ್ಕಿನಲ್ಲಿ ಕಾಫಿ, ಕಾಲಿಗೆ ಎರಡು ಜೊತೆ ಕಾಲುಚೀಲ, ಹಿಂದಿನ ಸೀಟಿನಲ್ಲಿ ಆ ಕಿಟ್ ಚೀಲದ ವಾಸನೆ. ಅದನ್ನು ವರ್ಣಿಸಿ ನಿಮ್ಮ ಊಟ ಕೆಡಿಸುವುದಿಲ್ಲ. ನಿಧಿ ಒಂದು ಪಂದ್ಯವೂ ತಪ್ಪಿಸಲಿಲ್ಲ, ಒಂದರಲ್ಲೂ ಆಡಲಿಲ್ಲ. ಆಟದ ಕಡೆ ನೋಡಲು ಮನಸ್ಸಿಲ್ಲದೆ ನಾನು ಅವಳನ್ನೇ ನೋಡುತ್ತ ಕೂರುತ್ತಿದ್ದೆ. ಹಾಗೆ ನೋಡುತ್ತ ನೋಡುತ್ತ ಜನವರಿಯ ಹೊತ್ತಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು. ಅವಳು ಬಾಗಿಲ ಕಡೆ ನೋಡುತ್ತಲೇ ಇರಲಿಲ್ಲ. ಕಣ್ಣು ಎದುರಾಳಿಗಳ ಮೇಲೆ, ಕಿವಿ ತನ್ನವರ ಸ್ಕೇಟಿನ ಸದ್ದಿನ ಮೇಲೆ. ಬರುವವರು ಬಾಗಿಲು ಮುಟ್ಟುವುದಕ್ಕೂ ಬಾಗಿಲು ತೆರೆಯುವುದಕ್ಕೂ ಸರಿಹೋಗುತ್ತಿತ್ತು. ಯಾರೂ ವೇಗ ತಗ್ಗಿಸಬೇಕಾಗುತ್ತಿರಲಿಲ್ಲ. ನೀರಿನ ಬಾಟಲಿ ಅವರ ಕೈಗೆ ಬಂದಿರುತ್ತಿತ್ತು. ಎದುರು ತಂಡದ ಬಾಗಿಲಲ್ಲಿ ಆಗುತ್ತಿದ್ದ ನೂಕುನುಗ್ಗಲು, ಬೈಗುಳ ಇಲ್ಲಿ ಇರಲಿಲ್ಲ. ಅಬ್ಬಾ ಹುಡುಗಿಯೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹಾಗೆಯೇ ಹೊಟ್ಟೆ ಇನ್ನಷ್ಟು ಉರಿಯಿತು. ಇಂಥವಳನ್ನು ಕೂರಿಸಿದ್ದಾನಲ್ಲ ಆ ಮಹಾರಾಯ!

ಫೆಬ್ರವರಿಯಲ್ಲಿ ಕ್ಲಬ್ಬಿನ ಕಮಿಟಿಗೆ ಒಂದು ಇ-ಮೇಲ್ ಬರೆದೆ. ಅದರಲ್ಲಿ 'ನ್ಯಾಯ' ಎಂಬರ್ಥದ ಪದ ಏಳು ಸಲ ಬಂದಿತ್ತು, ಗಿರಿಜಾ ಎಣಿಸಿದಳು. "ಕಳಸಬ್ಯಾಡ್ರಿ. ಮೊದಲ ಆಕೀನ್ನ ಕೇಳ್ರಿ" ಎಂದಳು. ನಿಧಿಯನ್ನು ಕೇಳಿದರೆ ಅವಳ ಮುಖ ಬಿಳಿಚಿಕೊಂಡಿತು. "ಬೇಡಪ್ಪಾ, ಪ್ಲೀಸ್. ಕಳಿಸಬೇಡ" ಎಂದಳು. ಹೆದರಿದ್ದಾಳೆ ಪಾಪ ಎಂದುಕೊಂಡು, ಶನಿವಾರ ಕಳಿಸಿಯೇ ಬಿಡುವುದೆಂದು ನಿರ್ಧರಿಸಿದೆ.

ಆ ಶನಿವಾರ ಬೆಳಿಗ್ಗೆ ಅವಳ ಸ್ಕೇಟುಗಳನ್ನು ಸಾಣೆಗೆ ಕೊಡಲು ರಿಂಕಿನ ಹಿಂದಿನ ಸಣ್ಣ ಕೋಣೆಗೆ ಹೋದೆ. ಅಲ್ಲಿ ಸಾಣೆ ಹಿಡಿಯುವವರು ಬ್ರಯನ್, ಎಂಬತ್ತರ ಹತ್ತಿರದ ಮುದುಕರು. ಹದಿನೈದನೆಯ ವಯಸ್ಸಿಗೆ ಶೆಫೀಲ್ಡಿನ ಚಾಕು ಕಾರ್ಖಾನೆಗೆ ಸೇರಿ, ಅದು ಮುಚ್ಚುವವರೆಗೂ ಚಾಕುಗಳಿಗೆ ಸಾಣೆ ಹಿಡಿದವರು. ಕೆಲಸ ಮುಗಿದ ಮೇಲೆ ಸಾಣೆಯಂತ್ರವನ್ನು ಒರೆಸಿ, ಅದಕ್ಕೆ ಹಳೆಯ ಟವೆಲ್ ಹೊದಿಸಿ ಹೋಗುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನಮ್ಮಪ್ಪ ನೆನಪಾಗುತ್ತಿದ್ದರು. ಕುಂಕುಮವೊಂದು ಕಡಿಮೆ, ಭಕ್ತಿ ಅದೇ. ನಲವತ್ತೈದು ದಾಟಿದ ನನ್ನನ್ನು ಅವರು 'ಲ್ಯಾಡ್' ಎಂದು ಕರೆಯುತ್ತಿದ್ದರು. ಹುಡುಗಾ ಎಂದ ಹಾಗೆ.

ಸಾಣೆಯಿಂದ ಕಿಡಿ ಹಾರುತ್ತಿರುವಾಗ ನಾನು ಇ-ಮೇಲಿನ ಪುರಾಣ ಶುರು ಮಾಡಿದೆ. ಗ್ಯಾರಿ ಮಾತು ತಪ್ಪಿದ್ದು, ನನ್ನ ಮಗಳ ಪ್ರತಿಭೆ, ಕಮಿಟಿ, ನ್ಯಾಯ. ಬ್ರಯನ್ ಯಂತ್ರ ನಿಲ್ಲಿಸಿದರು. ಕನ್ನಡಕ ತೆಗೆದರು. ಕಪಾಟಿನಿಂದ ಪೆಪ್ಪರ್‌ಮಿಂಟಿನ ಹಳೆಯ ತಗಡಿನ ಡಬ್ಬಿ ಇಳಿಸಿ, ಮುಚ್ಚಳ ತೆಗೆದು ನನ್ನ ಮುಂದಿಟ್ಟರು. ಒಳಗೆ ಒಂದು ಒಣಗಿದ ನಿಂಬೆ ಬೀಜ ಇತ್ತು.

"ಅರವತ್ತು ವರ್ಷದ ಮೇಲಾಯಿತು ಹುಡುಗಾ, ಉಕ್ಕು ಮುಟ್ಟಲು ಶುರು ಮಾಡಿ. ಬ್ಲೇಡಿನ ಸಂದಿಯಲ್ಲಿ ನಿಂಬೆ ಬೀಜ ಸಿಕ್ಕಿದ್ದು ಇದೇ ಮೊದಲು" ಎಂದರು. "ಅಕ್ಟೋಬರಿನಲ್ಲಿ ಅವಳೇ ಸ್ಕೇಟು ತಂದಿದ್ದಳು. ಕವಚ ಹಾಕಲು ಮರೆತು ಕಾಂಕ್ರೀಟಿನ ಮೇಲೆ ನಡೆದೆ ಅಂತ ಕೋಚಿಗೆ ಹೇಳಿದ್ದಾಳಂತೆ. ನಡೆದರೆ ಗೀರು ಬೀಳುತ್ತವೆ. ಇದು ಒಂದೇ ಏಟು, ಕಲ್ಲಿಗೆ ಬಡಿದದ್ದು. ಬೀಜ ತೋರಿಸಿ ಕೇಳಿದೆ, ಆಗ ಹೇಳಿದಳು. ಯಾರಿಗೂ ಹೇಳಬೇಡಿ ಅಂತ ಮಾತು ತೆಗೆದುಕೊಂಡಳು. ಅವತ್ತು ಅವರಪ್ಪ ತುಂಬಾ ಖುಷಿಯಲ್ಲಿದ್ದರಂತೆ."

ಕೂರಲು ಅಲ್ಲಿ ಸ್ಟೂಲೂ ಇರಲಿಲ್ಲ. ಕವಚ ತೆಗಿ ಎಂದವನು ನಾನು. ಕಬ್ಬಿಣ ತಾಗಬೇಕು ಎಂದವನು ನಾನು. ನಿಯಮ ಮುರಿದವಳೆಂಬ ಹೆಸರು ಹೊತ್ತು ನಾಲ್ಕು ತಿಂಗಳು ಬಾಗಿಲು ಕಾದವಳು ಅವಳು. ತನ್ನ ಒಂದೇ ಒಂದು ಆಸೆಯನ್ನು ನನ್ನ ಮರ್ಯಾದೆಗೆ ಕೊಟ್ಟು, ಕಾರಿನಲ್ಲಿ ನನ್ನ ಪಕ್ಕದಲ್ಲೇ ಕೂತು, ನಾನು ಗ್ಯಾರಿಗೆ ಬೈಯುವುದನ್ನು ಸುಮ್ಮನೆ ಕೇಳಿಸಿಕೊಂಡವಳು. ಬ್ರಯನ್ ಡಬ್ಬಿ ಮುಚ್ಚಿದರು. "ಮಾತು ಮುರಿದಿದ್ದೇನೆ. ನೀನು ಆ ಪತ್ರ ಕಳಿಸದಿದ್ದರೆ ಸಾರ್ಥಕ" ಎಂದು ಮತ್ತೆ ಯಂತ್ರ ಹಾಕಿದರು.

ನೇರ ಗ್ಯಾರಿಯ ಹತ್ತಿರ ಹೋದೆ. ಅಭ್ಯಾಸಕ್ಕೆ ಹಿಮದ ಮೇಲೆ ಇಡುವ ಪ್ಲಾಸ್ಟಿಕ್ ಕೋನ್‌ಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಎಲ್ಲ ಹೇಳಿದೆ. ಆಯುಧಪೂಜೆಯನ್ನು ಯಾರ್ಕ್‌ಶೈರಿನ ಟ್ರಾಮ್ ಚಾಲಕರೊಬ್ಬರಿಗೆ ವಿವರಿಸುವ ಕಷ್ಟ ನಿಮಗೆ ಬರದಿರಲಿ.

"ನಿಂಬೆಹಣ್ಣಿನ ಮೇಲೆ ನಿಲ್ಲಿಸಿದಿರಾ?"

"ಹೌದು. ನಮ್ಮಲ್ಲಿ ಕಾರಿಗೆ ಮಾಡುತ್ತೇವೆ."

"ಕಾರಿಗೆ. ಯಾಕೆ?"

"ಒಳ್ಳೆಯದಾಗಲಿ ಅಂತ."

ಗ್ಯಾರಿ ಕೈಯಲ್ಲಿದ್ದ ಕೊನೆಯ ಕೋನನ್ನು ಪೇರಿಸಿಟ್ಟರು. ಆಮೇಲೆ, "ಅವಳು ಸುಳ್ಳು ಹೇಳುತ್ತಿದ್ದಾಳೆ ಅಂತ ನನಗೆ ಅವತ್ತೇ ಗೊತ್ತಿತ್ತು. ಕವಚ ಮರೆಯುವ ಹುಡುಗಿ ಅಲ್ಲ ಅವಳು" ಎಂದರು.

"ಗೊತ್ತಿದ್ದೂ ಕೂರಿಸಿದಿರಾ?"

"ತಪ್ಪು ನನ್ನದು ಅಂತ ಎದುರಿಗೆ ನಿಂತು ಹೇಳಿದಳು. ಯಾರನ್ನೋ ಕಾಪಾಡುತ್ತಿದ್ದಳು. ನಾನು ನಂಬದ ಹಾಗೆ ಮಾಡಿ ಆಡಿಸಿದ್ದರೆ, ಅವಳು ಮಾಡಿದ್ದಕ್ಕೆ ಬೆಲೆ ಏನು ಉಳಿಯುತ್ತಿತ್ತು?" ಜೇಬಿನಿಂದ ಮುದುಡಿದ ನೋಟುಪುಸ್ತಕ ತೆಗೆದು ತೋರಿಸಿದರು. ಏಪ್ರಿಲ್ ತಿಂಗಳ ಕೊನೆಯ ಪಂದ್ಯದ ಮುಂದೆ ನಿಧಿಯ ಹೆಸರಿತ್ತು. "ಡಿಸೆಂಬರಿನಲ್ಲೇ ಬರೆದಿಟ್ಟಿದ್ದೇನೆ. ನೀವು ಬಂದು ಹೇಳದಿದ್ದರೂ ಅದು ಅವಳದೇ."

ನೋಡಿ, ನನ್ನ ತಪ್ಪೊಪ್ಪಿಗೆಯಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ. ಆದದ್ದು ಒಂದೇ, ಮಗಳು ಸಿಟ್ಟಾದಳು. "ಅದು ನಂದು. ನಾನು ಮಾಡಿದ್ದು. ನೀನ್ಯಾಕೆ ಹೋಗಿ ಹೇಳಿದೆ?" ಎಂದವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಕ್ಷಮಿಸು ಪುಟ್ಟಿ ಎಂದು ಅವಳ ಕೋಣೆಯ ಮುಂದೆ ನಿಂತು ಹೇಳಿದೆ. ಬಾಗಿಲು ತೆರೆಯಲಿಲ್ಲ. ಗಿರಿಜಾ ಮಾತ್ರ ಅವತ್ತು ನನಗೆ ಒಂದು ಲೋಟ ಬಿಸಿ ಕಾಫಿ ತಂದುಕೊಟ್ಟಳು. ಅವಳು ಬೈದಿದ್ದರೆ ನನಗೆ ಹೆಚ್ಚು ಹಾಯೆನಿಸುತ್ತಿತ್ತು.

ಏಪ್ರಿಲ್ ಬಂತು. ನಮ್ಮದೇ ರಿಂಕು. ಹಿಂದಿನ ಸಂಜೆಯೇ ಬ್ರಯನ್ ಸ್ಕೇಟುಗಳಿಗೆ ಸಾಣೆ ಹಿಡಿದು, ಬಟ್ಟೆ ಸುತ್ತಿ, ನನ್ನ ಕೈಗೆ ಕೊಡದೆ ನಿಧಿಯ ಕೈಗೇ ಕೊಟ್ಟಿದ್ದರು. ಗೋಲಿನ ಮುಂದೆ ಅವಳು ಎಷ್ಟು ಚಿಕ್ಕವಳಾಗಿ ಕಂಡಳು! ಎರಡನೆಯ ನಿಮಿಷದಲ್ಲೇ ಪಕ್ ಅವಳ ಕಾಲಸಂದಿಯಲ್ಲಿ ನುಸುಳಿ ಒಳಗೆ ಹೋಯಿತು. ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ. ಅವಳು ನೀರು ಕುಡಿದು, ದೊಣ್ಣೆಯಿಂದ ಎರಡು ಕಂಬಗಳನ್ನೂ ಒಂದೊಂದು ಸಲ ತಟ್ಟಿ ನಿಂತಳು. ಆಮೇಲೆ ಎಡಕ್ಕೆ ಸರಿದಳು, ಬಲಕ್ಕೆ ಸರಿದಳು, ಹಿಮ ಚಿಮ್ಮಿತು, ಕಾಲು ಜಾರಲಿಲ್ಲ. ಅತ್ತ ಬೆಂಚಿನ ಬಾಗಿಲಿಗೆ ಅವತ್ತು ಕ್ಯಾಲಮ್ ಕೂತಿದ್ದ. ಪಾಪ, ಆಟ ನೋಡುತ್ತ ಮೈಮರೆತ. ದಣಿದು ಬಂದ ಹುಡುಗನೊಬ್ಬ ಮುಚ್ಚಿದ ಬಾಗಿಲಿಗೇ ಗುದ್ದಿಕೊಂಡ. "ನಿಧಿ ಹೀಗೆ ಮಾಡ್ತಿರಲಿಲ್ಲ!" ಎಂದು ಅವನು ಕೂಗಿದ್ದು ಗಾಜಿನ ಈಚೆಗೂ ಕೇಳಿಸಿತು. ಆ ಸೀಸನ್ನಿನಲ್ಲಿ ನನಗೆ ಅತ್ಯಂತ ಸಿಹಿಯಾಗಿ ಕೇಳಿಸಿದ ಮಾತು ಅದು.

ಎರಡಕ್ಕೆ ಮೂರರಿಂದ ಸೋತರು. ಮುಗಿದ ಮೇಲೆ ಇಡೀ ತಂಡ ಅವಳ ಕಡೆ ಹೋಗಿ ಒಬ್ಬೊಬ್ಬರಾಗಿ ತಮ್ಮ ಹೆಲ್ಮೆಟ್ಟನ್ನು ಅವಳ ಹೆಲ್ಮೆಟ್ಟಿಗೆ ತಾಗಿಸಿದರು. ಗೋಲ್‌ಕೀಪರಿಗೆ ಅವರು ಹಾಗೆ ಮಾಡುವುದು ವಾಡಿಕೆ. ಕ್ಯಾಲಮ್ ಎರಡು ಸಲ ತಾಗಿಸಿದ. ಅವಳು ಹೊರಗೆ ಬಂದಾಗ ಕೂದಲೆಲ್ಲ ಒದ್ದೆ, ಮುಖ ಕೆಂಪು, ಬಾಯ್ತುಂಬ ನಗು. "ಅಂಚು ಚೆನ್ನಾಗಿತ್ತಪ್ಪ" ಎಂದಳು. ಅಷ್ಟೇ ಹೇಳಿದ್ದು. ನಾನು ಗಿರಿಜಾಳ ಕಡೆ ತಿರುಗಿ ಮೂಗು ಒರೆಸಿಕೊಂಡೆ. ಅಲ್ಲಿ ಚಳಿ ಜಾಸ್ತಿ.

ನಿಧಿಗೆ ಈಗ ಇಪ್ಪತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಾಳೆ, ಅದೇ ಊರಿನ ಸೆಲ್ಲಿ ಓಕ್‌ನಲ್ಲಿ ಐವರು ಗೆಳತಿಯರ ಜೊತೆ ಒಂದು ಮನೆ. ವಿದ್ಯಾರ್ಥಿಗಳ ತಂಡದಲ್ಲಿ ಗೋಲ್‌ಕೀಪರ್, ಅಲ್ಲೂ ಎರಡನೆಯವಳೇ. ಈ ವಾರ ಮೊದಲನೆಯವಳಿಗೆ ಜ್ವರ. "ಭಾನುವಾರ ಮಧ್ಯಾಹ್ನ ನಾನು ಆಡ್ತೀನಿ, ಬರ್ತೀರಾ?" ಎಂದು ಫೋನ್ ಮಾಡಿದ್ದಳು. ಹಾಗಾಗಿಯೇ ಇವತ್ತು ಬೆಳಿಗ್ಗೆ ಟಿವಿಡೇಲ್, ಮಧ್ಯಾಹ್ನ ರಿಂಕು. ಜೇಬಿಗೆ ಹಣ್ಣು ಯಾಕೆ 'ಬಿತ್ತು' ಎಂದು ನೀವು ಕೇಳಬೇಡಿ. ಕೈಗೆ ಅದರ ಅಭ್ಯಾಸ ಬಿಟ್ಟಿಲ್ಲ.

ರಿಂಕಿನ ಓಣಿಯಲ್ಲಿ ಅವಳು ಆಗಲೇ ತಯಾರಾಗಿ ನಿಂತಿದ್ದಳು. ಈಗ ನನಗಿಂತ ಎತ್ತರ, ಸ್ಕೇಟು ಹಾಕಿದರಂತೂ ಕತ್ತೆತ್ತಿ ನೋಡಬೇಕು. "ಅಪ್ಪಾ, ನಿಂಬೆಹಣ್ಣು ಎಲ್ಲಿ?" ಎಂದಳು, ಕೈ ಚಾಚಿ.

"ತಂದಿಲ್ಲ. ನಿಮ್ಮಮ್ಮ ಜೇಬು ಜಪ್ತಿ ಮಾಡಿದಳು."

ಗಿರಿಜಾ ತನ್ನ ಹ್ಯಾಂಡ್‌ಬ್ಯಾಗಿನ ಜಿಪ್ಪು ಎಳೆದಳು. ಐದನೆಯ ನಿಂಬೆಹಣ್ಣು ಅಲ್ಲಿತ್ತು, ಸ್ವಚ್ಛವಾಗಿ ಟಿಶ್ಯೂ ಸುತ್ತಿಕೊಂಡು. "ನಿಮ್ಮ ಕೈಯಾಗ ಕೊಟ್ರ ಮತ್ತ ಕಲ್ಲ ಮ್ಯಾಲ ಇಡ್ತೀರಿ, ಅದಕ್ಕ" ಎಂದಳು.

ನಿಧಿ ಹಣ್ಣನ್ನು ರಬ್ಬರ್ ನೆಲದ ಮೇಲೆ, ಗೋಡೆಯ ಮೂಲೆಗೆ ಒತ್ತಿ ಇಟ್ಟಳು. ನಿಧಾನವಾಗಿ ಕಾಲಿಟ್ಟು ಭಾರ ಬಿಟ್ಟಳು. ಹಣ್ಣು ಎಲ್ಲಿಗೂ ಜಾರದೆ ಎರಡು ಹೋಳಾಯಿತು. ಬ್ಲೇಡು ಒರೆಸಿ, ಹೆಬ್ಬೆರಳ ಉಗುರನ್ನು ಅಡ್ಡ ಎಳೆದು ನೋಡಿ, ತಲೆಯಾಡಿಸಿದಳು. ನಾನು ಕೆಳಗೆ ಕೂತು ಸಿಪ್ಪೆ, ರಸ ಎಲ್ಲ ಟಿಶ್ಯೂವಿನಲ್ಲಿ ಒರೆಸಿದೆ. ಒಂದು ಬೀಜ ಸಿಕ್ಕಿತು, ಜೇಬಿಗೆ ಹಾಕಿಕೊಂಡೆ.

ತಂಡದವರು ಮುಂದೆ ಹೋಗಿಯಾಗಿತ್ತು. ಓಣಿಯ ಕೊನೆಗೆ ಹಿಮದ ಕಡೆ ತೆರೆಯುವ ಭಾರದ ಬಾಗಿಲಿತ್ತು. ಅವಳ ಎರಡು ಕೈಗೂ ದಪ್ಪ ಕವಚ, ಒಂದರಲ್ಲಿ ದೊಣ್ಣೆ, ಕಂಕುಳಲ್ಲಿ ನೀರಿನ ಬಾಟಲಿ. ನಾನು ಎದ್ದು ಮುಂದೆ ಹೋಗಿ ಬಾಗಿಲ ಪಕ್ಕ ನಿಂತೆ. ಹಿಂದಿರುಗಿ ನೋಡಲಿಲ್ಲ, ಕಿವಿ ಕೊಟ್ಟೆ. ರಬ್ಬರಿನ ಮೇಲೆ ಅವಳ ಸ್ಕೇಟಿನ ಸದ್ದು ಟಪ್, ಟಪ್ ಎಂದು ಹತ್ತಿರವಾಯಿತು. ಇನ್ನೂ ಎರಡು ಹೆಜ್ಜೆ ಇದೆ ಎನ್ನುವಾಗ ಬಾಗಿಲು ಎಳೆದೆ.

ಅವಳು ವೇಗ ತಗ್ಗಿಸದೆ ಹಿಮಕ್ಕೆ ಇಳಿದಳು.